ದಮ್ಮು ಹತ್ತುವ ಮಾವನ ಆರೈಕೆ: ಹಾಸ್ಪೈಸ್ ನೆರವು ಕ್ಯಾನ್ಸರ್‌ನವರಿಗೆ ಮಾತ್ರನಾ?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಮಾವನವರಿಗೆ 68 ವರ್ಷ. ಕಲಬುರಗಿಯ ತೊಗರಿ ಬೇಳೆ ಮಿಲ್‌ನಲ್ಲಿ ಹಮಾಲಿ ಮಾಡುತ್ತಿದ್ದರು, ಬೀಡಿಯೂ ಇತ್ತು. ಈಗ ಸಿಒಪಿಡಿ, ಅಂದರೆ ಗಾಳಿಯ ಕೊಳವೆಗಳು ಕಿರಿದಾಗುವ ಬಹುಕಾಲದ ಶ್ವಾಸಕೋಶದ ಕಾಯಿಲೆ. ಈ ವರ್ಷ ಎರಡು ಸಲ ಅಡ್ಮಿಟ್ ಆದರು, ಎರಡನೇ ಸಲ ಐಸಿಯುನಲ್ಲಿ ಗಂಟಲಿಗೆ ನಳಿಗೆ ಹಾಕಿದ್ದರು. ಮನೆಯಲ್ಲಿ ಆಕ್ಸಿಜನ್ ಮಷೀನ್ ಇದೆ. ಡಾಕ್ಟರ್ "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಅಂದರು. ಒಬ್ಬರು, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್‌ಗೆ ಸೇರಿಸಿ ಅಂದರು, ಇನ್ನೊಬ್ಬರು ಅದು ಕ್ಯಾನ್ಸರ್‌ಗೆ ಮಾತ್ರ ಅಂದರು. ರಾತ್ರಿ ದಮ್ಮು ಹತ್ತಿದಾಗ ಗಾಬರಿಯಾಗಿ ನಾನೇ ಆಕ್ಸಿಜನ್ ಜಾಸ್ತಿ ಮಾಡುತ್ತೇನೆ. ಮಾರ್ಫಿನ್ (ಅಫೀಮಿನಿಂದ ಬರುವ ಬಲವಾದ ನೋವಿನ ಔಷಧಿ) ಕೊಡಬಹುದು ಅಂತ ಒಬ್ಬ ಡಾಕ್ಟರ್ ಹೇಳಿದರು, ಮನೆಯವರು ಬೇಡವೇ ಬೇಡ ಅನ್ನುತ್ತಾರೆ. ನಮ್ಮ ಯಜಮಾನರದು ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಅತ್ತೆಗೆ ಮೊಣಕಾಲು ನೋವು, ಎಲ್ಲಾ ನನ್ನ ಮೇಲೆ. ಮತ್ತೆ ಜಾಸ್ತಿಯಾದರೆ ಹೈದರಾಬಾದಿಗೆ ಒಯ್ಯಬೇಕಾ? ನನಗೂ ಸಾಕಾಗಿದೆ, ಹಾಗಂತ ಹೇಳೋಕೂ ನಾಚಿಕೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ ತಂಗಿ. ಹಾಸ್ಪೈಸ್ ನೆರವು ಕ್ಯಾನ್ಸರ್‌ಗೆ ಮಾತ್ರ ಅಲ್ಲ. ನಿಮ್ಮ ಮಾವನವರಿಗೆ ಅದು ಈಗಲೇ ಬೇಕು. ಅವರಿಗೆ ಎಷ್ಟು ಬೇಕೋ ನಿಮಗೂ ಅಷ್ಟೇ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. ಇಂಥ ಆರೈಕೆ ಬೇಕಾದ ದೊಡ್ಡವರಲ್ಲಿ ಕ್ಯಾನ್ಸರ್‌ನವರು ಸುಮಾರು 34%. ಹೃದಯ, ರಕ್ತನಾಳದ ಕಾಯಿಲೆಯವರು ಅದಕ್ಕಿಂತ ಜಾಸ್ತಿ. ಬಹುಕಾಲದ ಉಸಿರಾಟದ ಕಾಯಿಲೆಯವರು ಸುಮಾರು 10%. ಆದರೂ ನಮ್ಮ ಕಡೆ ಜನರ ತಲೆಯಲ್ಲಿ ಇದು ಕ್ಯಾನ್ಸರ್‌ನ ಮಾತಾಗಿ ಕೂತಿದೆ, ಅದಕ್ಕೆ ಕಾರಣವೂ ಇದೆ. ಭಾರತದ ಮೊದಲ ಹಾಸ್ಪೈಸ್ ಮುಂಬೈನಲ್ಲಿ 1986ರಲ್ಲಿ ಶುರುವಾದದ್ದೇ ಕ್ಯಾನ್ಸರ್ ರೋಗಿಗಳಿಗಾಗಿ. ಬೆಂಗಳೂರಿನ ಕರುಣಾಶ್ರಯ, ಹೈದರಾಬಾದಿನ ಸ್ಪರ್ಶ್ ಇವೂ ಮುಖ್ಯವಾಗಿ ಕ್ಯಾನ್ಸರ್‌ನವರಿಗೇ ಹಾಸಿಗೆ ಕೊಡುತ್ತವೆ, ಅದೂ ದುಡ್ಡು ತೆಗೆದುಕೊಳ್ಳದೆ. ಹಾಗಾಗಿ "ಮಾವನನ್ನು ಎಲ್ಲಿ ಸೇರಿಸೋಣ" ಅಂತ ಕಟ್ಟಡ ಹುಡುಕುತ್ತಾ ಕೂರಬೇಡಿ. ನಿಮ್ಮ ಕೆಲಸಕ್ಕೆ ಬೇಕಾದದ್ದು ಮನೆಗೇ ಬರುವ, ಇಲ್ಲವೇ ಫೋನಿಗೆ ಸಿಗುವ ನೆರವು. ಕಾಯಿಲೆ ಗುಣವಾಗದಿದ್ದರೂ ಕಷ್ಟ ಕಡಿಮೆ ಮಾಡುವ ಈ ಆರೈಕೆಯನ್ನು ಪ್ಯಾಲಿಯೇಟಿವ್ ಕೇರ್ ಅಂತ ಹೆಸರಿಟ್ಟೇ ಕೇಳಿ.

ಎಲ್ಲಿ ಕೇಳಬೇಕು? ಕೇಂದ್ರ ಸರ್ಕಾರದ ಪ್ಯಾಲಿಯೇಟಿವ್ ಕೇರ್ ಕಾರ್ಯಕ್ರಮ 2012ರಿಂದ ಇದೆ, ಅದು ನಡೆಯಬೇಕಾದದ್ದು ಜಿಲ್ಲಾ ಆಸ್ಪತ್ರೆಗಳ ಮೂಲಕ. ಕಲಬುರಗಿಯವರು ಜಿಮ್ಸ್‌ನಲ್ಲಿ, ಬೀದರ್‌ನವರು ಬ್ರಿಮ್ಸ್‌ನಲ್ಲಿ, ಯಾದಗಿರಿಯವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಹಳ್ಳಿ ಮಟ್ಟದಲ್ಲಿ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕಿರುವ ಕೇಂದ್ರಗಳಿವೆ ಅಲ್ವಾ, ಅವು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವಯಸ್ಸಾದವರ ಆರೈಕೆ ಮತ್ತು ಪ್ಯಾಲಿಯೇಟಿವ್ ಆರೈಕೆ ಒಂದು. ಎಲ್ಲಾ ಕಡೆ ಒಂದೇ ಥರ ನಡೆಯುವುದಿಲ್ಲ, ಅದು ನನಗೂ ಗೊತ್ತು. ಆದರೆ ಆಶಾ ಕಾರ್ಯಕರ್ತೆಗೆ "ಮನೆಯಲ್ಲಿ ಆಕ್ಸಿಜನ್ ಮೇಲೆ ಇರುವವರು ಇದ್ದಾರೆ, ಹೆಸರು ಬರೆದುಕೊಳ್ಳಿ, ನರ್ಸ್ ಬಂದು ನೋಡಲಿ" ಅಂತ ಒಮ್ಮೆ ಹೇಳಿದರೆ ಸಾಲದು, ಪ್ರತಿ ತಿಂಗಳು ಹೇಳಿ. ಕೇಳುವವರು ಇದ್ದರೆ ಸೇವೆ ಹುಟ್ಟಿಕೊಳ್ಳುತ್ತದೆ. ಇದನ್ನು ಓದುತ್ತಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವ ಮನೆಯವರಿದ್ದರೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರದಲ್ಲೂ ಕೇಳಿ.

ಈಗ, "ಕೊನೆಯ ಹಂತಕ್ಕೆ ಬಂದಿಲ್ಲ ಅಲ್ವಾ, ಆಗ ನೋಡೋಣ" ಅನ್ನುವ ಮಾತು. ಶ್ವಾಸಕೋಶದ ಕಾಯಿಲೆಯಲ್ಲಿ ಈ ಕಾಯುವಿಕೆಯೇ ಕುಟುಂಬಗಳನ್ನು ಹೆಚ್ಚು ಸುಸ್ತು ಮಾಡುತ್ತದೆ. ಕ್ಯಾನ್ಸರ್‌ನಲ್ಲಿ ಬಹಳ ಸಲ ಇಳಿಯುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ. ಸಿಒಪಿಡಿ ಹಾಗಲ್ಲ. ಒಂದು ದಿನ ಕಫ ಕಟ್ಟಿ ಜೀವ ಹೋಗುವ ಹಾಗಾಗುತ್ತದೆ, ಆಸ್ಪತ್ರೆಗೆ ಓಡುತ್ತೀರಿ, ವಾರದಲ್ಲಿ ಸುಧಾರಿಸಿ ಮನೆಗೆ ಬರುತ್ತಾರೆ. ಆದರೆ ಹೋದಾಗ ಇದ್ದ ಶಕ್ತಿ ಪೂರ್ತಿ ವಾಪಸ್ ಬಂದಿರುವುದಿಲ್ಲ. ಹೀಗೆ ಏಳುತ್ತಾ ಬೀಳುತ್ತಾ ವರ್ಷಗಳು ಹೋಗಬಹುದು, ಮುಂದಿನ ಸಲವೇ ಕೊನೆಯೂ ಆಗಬಹುದು. ಯಾವ ಡಾಕ್ಟರಿಗೂ ದಿನ ಹೇಳುವುದು ಆಗುವುದಿಲ್ಲ. ಅದಕ್ಕೇ ಎಷ್ಟು ದಿನ ಉಳಿದಿದೆ ಅನ್ನುವುದರ ಮೇಲೆ ನೆರವು ನಿರ್ಧಾರ ಆಗಬಾರದು, ಎಷ್ಟು ಕಷ್ಟ ಇದೆ ಅನ್ನುವುದರ ಮೇಲೆ ಆಗಬೇಕು. ವೈದ್ಯರು ತಮಗೆ ತಾವೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ: ಈ ರೋಗಿ ಮುಂದಿನ ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದೆಯೇ? ಆಗುವುದಿಲ್ಲ ಅನ್ನಿಸಿದರೆ ಪ್ಯಾಲಿಯೇಟಿವ್ ಆರೈಕೆ ಶುರುವಾಗಬೇಕು. ವರ್ಷದಲ್ಲಿ ಎರಡು ಸಲ ಅಡ್ಮಿಟ್, ಐಸಿಯು, ಮನೆಯಲ್ಲಿ ಆಕ್ಸಿಜನ್. ನೀವು ಬರೆದಿರುವ ಇಷ್ಟೇ ಸಾಕು. ಧೋತರ ಉಟ್ಟುಕೊಳ್ಳುವುದಕ್ಕೇ ದಮ್ಮು ಹತ್ತುತ್ತಿದ್ದರೆ, ಮೈ ಇಳಿಯುತ್ತಿದ್ದರೆ, ಇನ್ನೂ ಸ್ಪಷ್ಟ. ಇದಕ್ಕಾಗಿ ಬಾಯಿಗೆ ಹೊಡೆಯುವ ಪಂಪ್ (ಇನ್ಹೇಲರ್) ಬಿಡಬೇಕಿಲ್ಲ, ಔಷಧಿ ನಿಲ್ಲಿಸಬೇಕಿಲ್ಲ, ಎರಡೂ ಜೊತೆಜೊತೆಗೇ ನಡೆಯುತ್ತವೆ.

ರಾತ್ರಿಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅದೇ.

ದಮ್ಮು ಹತ್ತಿದಾಗ ಮೊದಲು ಅವರನ್ನು ಎಬ್ಬಿಸಿ ಕೂರಿಸಿ. ಮಂಚದ ಅಂಚಿಗೆ ಕೂತು ಕಾಲು ನೆಲಕ್ಕೆ ತಾಗಿರಲಿ. ಮುಂದೆ ಒಂದು ಸ್ಟೂಲೋ ಟ್ರಂಕೋ ಇಟ್ಟು ಮೇಲೆ ಎರಡು ದಿಂಬು ಹಾಕಿ, ಅದರ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಲಿ. ಹೀಗೆ ಕೂತಾಗ ಹೆಗಲಿನ ಭಾರ ಇಳಿಯುತ್ತದೆ, ಎದೆಯ ಸ್ನಾಯುಗಳು ಪೂರ್ತಿ ಉಸಿರಿಗೇ ಸಿಗುತ್ತವೆ. ಆಮೇಲೆ ಮೂಗಿನಿಂದ ಉಸಿರು ಎಳೆದುಕೊಂಡು, ಬಿಸಿ ಚಹಾ ಊದುವಾಗ ಮಾಡುವ ಹಾಗೆ ತುಟಿ ಚೂಪು ಮಾಡಿ ನಿಧಾನಕ್ಕೆ ಹೊರಗೆ ಬಿಡಲಿ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಯಾಕೆ ಅಂದರೆ ಸಿಒಪಿಡಿಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ. ಹಳೆ ಗಾಳಿ ಒಳಗೇ ಸಿಕ್ಕಿಕೊಂಡಿದ್ದರೆ ಹೊಸದಕ್ಕೆ ಜಾಗ ಎಲ್ಲಿ? ನೀವು ಅವರ ಎದುರಿಗೆ ಕೂತು ಅದೇ ಥರ ಉಸಿರು ಬಿಡುತ್ತಿರಿ, ಅವರು ನೋಡಿ ಮಾಡುತ್ತಾರೆ. "ಜೋರಾಗಿ ಉಸಿರು ತಗೋ, ಜೋರಾಗಿ ತಗೋ" ಅಂತ ಸುತ್ತ ನಿಂತವರು ಕೂಗುವುದು ಮಾತ್ರ ಬೇಡ.

ಫ್ಯಾನ್ ಹಚ್ಚಿ, ಗಾಳಿ ಮುಖಕ್ಕೆ ನೇರ ಬೀಳಲಿ. ಕೈಯಲ್ಲಿ ಹಿಡಿಯುವ ಸಣ್ಣ ಬ್ಯಾಟರಿ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು, ಕರೆಂಟ್ ಹೋದಾಗ ಬೀಸಣಿಕೆಯೂ ಆಗುತ್ತದೆ. ಇದು ಸುಮ್ನೆ ಸಮಾಧಾನದ ಮಾತಲ್ಲ. ಕೆನ್ನೆ, ಮೂಗಿನ ಸುತ್ತ ತಣ್ಣನೆ ಗಾಳಿ ಬಡಿದರೆ ಅಲ್ಲಿನ ನರ ಮೆದುಳಿಗೆ ಸುದ್ದಿ ಮುಟ್ಟಿಸಿ, ದಮ್ಮಿನ ಅನುಭವವೇ ಕಡಿಮೆಯಾಗುತ್ತದೆ. ಒದ್ದೆ ಬಟ್ಟೆಯಿಂದ ಮುಖ ಒರೆಸಿದರೂ ಸ್ವಲ್ಪ ಹಾಗೇ ಆಗುತ್ತದೆ. ನಮ್ಮ ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹತ್ತು ಜನ ಸುತ್ತ ನಿಂತರೆ ಗಟ್ಟಿ ಇದ್ದವರಿಗೂ ಉಸಿರು ಕಟ್ಟುತ್ತದೆ. ಒಬ್ಬರು ಇರಿ, ಉಳಿದವರು ಹೊರಗೆ.

ಆ ಹೊತ್ತಿನಲ್ಲಿ ಅವರಿಗೆ ಪ್ರಶ್ನೆ ಕೇಳಬೇಡಿ. ಕೇಳಲೇಬೇಕಾದರೆ ತಲೆ ಆಡಿಸಿ ಉತ್ತರ ಕೊಡುವಂಥದ್ದು ಕೇಳಿ: ನೀರು ಬೇಕಾ, ಫ್ಯಾನ್ ಸಾಕಾ. ದಮ್ಮು ಹತ್ತಿದರೆ ಭಯ ಆಗುತ್ತದೆ, ಭಯ ಆದರೆ ಉಸಿರು ಜೋರಾಗಿ ಮೇಲೆಮೇಲೆ ಓಡುತ್ತದೆ, ಅದರಿಂದ ದಮ್ಮು ಇನ್ನೂ ಜಾಸ್ತಿ. ಈ ಸುತ್ತು ಎಲ್ಲಾದರೂ ಮುರಿಯಬೇಕು, ಅದನ್ನು ಮೊದಲು ಮುರಿಯಲು ಆಗುವುದು ಎದುರಿಗೆ ಕೂತವರಿಗೆ. ನಿಮ್ಮ ಮುಖದಲ್ಲಿ ಗಾಬರಿ ಕಂಡರೆ ಅವರಿಗೆ "ನಾನು ಹೋಗ್ತಿದ್ದೀನಿ" ಅನ್ನಿಸುತ್ತದೆ. ನಿಮಗೆ ಗಾಬರಿ ಆಗಬಾರದು ಅಂತ ಹೇಳುತ್ತಿಲ್ಲ, ಆಗೇ ಆಗುತ್ತದೆ. ಕೈಗೆ ಕೆಲಸ ಗೊತ್ತಿದ್ದರೆ ಕಡಿಮೆ ಆಗುತ್ತದೆ ಅಷ್ಟೇ. ಅದಕ್ಕೇ ಇದನ್ನೆಲ್ಲಾ ದಮ್ಮು ಇಲ್ಲದ ಹಗಲಿನಲ್ಲಿ ಇಬ್ಬರೂ ಸೇರಿ ಒಂದೆರಡು ಸಲ ಮಾಡಿ ನೋಡಿ. ಆಮೇಲೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಕೂರಿಸು, ಫ್ಯಾನ್, ತುಟಿ ಉಸಿರು, ಡಾಕ್ಟರ್ ಹೇಳಿದಷ್ಟು ಪಂಪ್ ಅಥವಾ ನೆಬ್ಯುಲೈಸರ್, ಇಷ್ಟು ಹೊತ್ತಲ್ಲಿ ಇಳಿಯದಿದ್ದರೆ ಈ ನಂಬರಿಗೆ ಫೋನ್. ಅತ್ತೆಯವರಿಗೆ ಓದಲು ಬರದಿದ್ದರೆ ಚಿತ್ರ ಬರೆಯಿರಿ. ನೀವು ಮನೆಯಲ್ಲಿಲ್ಲದ ಹೊತ್ತಿಗೂ ಕೆಲಸ ನಡೆಯಬೇಕು.

ಪಂಪ್ ಬಗ್ಗೆ ಒಂದೇ ಮಾತು. ಪಂಪಿಗೆ ಜೋಡಿಸುವ ಕೊಳವೆಯಂಥ ಡಬ್ಬಿಗೆ ಸ್ಪೇಸರ್ ಅನ್ನುತ್ತಾರೆ, ಅದಿಲ್ಲದೆ ಬಾಯಿಗೆ ನೇರ ಹೊಡೆದರೆ ಈ ವಯಸ್ಸಿನವರಲ್ಲಿ ಔಷಧಿಯ ಬಹುಪಾಲು ಗಂಟಲಿಗೇ ಅಂಟುತ್ತದೆ. ಸ್ಪೇಸರ್ ಕೊಳ್ಳಿ.

ಆಕ್ಸಿಜನ್. ನೀವು ಗಾಬರಿಯಲ್ಲಿ ಜಾಸ್ತಿ ಮಾಡುತ್ತೀರಿ ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತಿನಿಂದಲೇ ನಿಲ್ಲಿಸಿ. ಕೋವಿಡ್ ಕಾಲದಲ್ಲಿ ಬೆರಳಿನ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಓಡಿ ಅಂತ ಎಲ್ಲರಿಗೂ ಕಲಿಸಿದ್ದೆವು. ಆ ಲೆಕ್ಕ ಸಿಒಪಿಡಿಯವರಿಗೆ ಅಲ್ಲ. ಇವರಿಗೆ ಸಾಮಾನ್ಯವಾಗಿ 88ರಿಂದ 92ರ ನಡುವೆ ಇದ್ದರೆ ಸಾಕು, ಅದೇ ಸುರಕ್ಷಿತ. ಅದಕ್ಕಿಂತ ಮೇಲೆ ಏರಿಸಿದರೆ ಕೆಲವರಲ್ಲಿ ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲೆಲ್ಲಾ ತೂಕಡಿಕೆ, ಕೈ ಅದುರುವುದು, ಏನೇನೋ ಮಾತಾಡುವುದು ಕಂಡರೆ ಅದೇ ಇರಬಹುದು, ಡಾಕ್ಟರಿಗೆ ತಕ್ಷಣ ತಿಳಿಸಿ. ಮನೆಯಲ್ಲಿ ಎಷ್ಟು ಲೀಟರ್ ಅಂತ ಬರೆಸಿಕೊಂಡು ಮಷೀನ್ ಮೇಲೇ ಅಂಟಿಸಿ. ಇನ್ನೊಂದು ವಿಷಯ ಜನ ನಂಬುವುದೇ ಇಲ್ಲ. ಆಕ್ಸಿಮೀಟರ್‌ನಲ್ಲಿ 91 ಇದ್ದೂ ದಮ್ಮು ವಿಪರೀತ ಇರಬಹುದು, 86 ಇದ್ದೂ ಆರಾಮಾಗಿ ಮಾತಾಡುತ್ತಾ ಕೂತಿರಬಹುದು. ದಮ್ಮು ಬೇರೆ, ಆಕ್ಸಿಜನ್ ಕಡಿಮೆಯಾಗುವುದು ಬೇರೆ. ಅದಕ್ಕೇ ದಮ್ಮಿಗೆಲ್ಲಾ ಆಕ್ಸಿಜನ್ನೇ ಔಷಧಿ ಅಲ್ಲ. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್ ಇರುವವರ ಲೆಕ್ಕ ಬೇರೆ, ಅವರಿಗೆ ನಡೆದಾಡುವಾಗ ಜಾಸ್ತಿ ಬೇಕಾಗುತ್ತದೆ. ಅವರು ಈ ಅಂಕಿಗಳನ್ನು ತಮಗೆ ಅನ್ವಯಿಸಿಕೊಳ್ಳಬೇಡಿ.

ಮಷೀನ್ ದಿನಕ್ಕೆ 15 ಗಂಟೆಗಿಂತ ಜಾಸ್ತಿ ಹಚ್ಚಿದರೇ ಅದರ ಪೂರ್ತಿ ಲಾಭ. ಐದು ಲೀಟರ್ ಮಷೀನ್ ಸುಮಾರು 350 ವಾಟ್ ತಿನ್ನುತ್ತದೆ. 15 ಗಂಟೆಗೆ ಐದು ಯೂನಿಟ್ ಮೇಲೆ, ತಿಂಗಳಿಗೆ ಹತ್ತಿರ ಹತ್ತಿರ 160 ಯೂನಿಟ್. ಮನೆಯ ಬೇರೆ ಖರ್ಚು ಸೇರಿ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗದೆ ಪೂರ್ತಿ ಬಿಲ್ ಬರುತ್ತದೆ, ಇದನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಕರೆಂಟ್ ಹೋದಾಗ ಏನು? 150 ಎಎಚ್‌ನ ಒಂದು ಇನ್ವರ್ಟರ್ ಬ್ಯಾಟರಿ ಹೊಸದಿದ್ದರೆ ಮೂರ್ನಾಲ್ಕು ಗಂಟೆ ಎಳೆಯಬಹುದು. ಸಣ್ಣ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡು ಗಂಟೆ ಬರುತ್ತದೆ. ಮಳೆಗಾಲದಲ್ಲಿ ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು. ಜೆಸ್ಕಾಂ ಲೈನ್‌ಮನ್‌ಗೆ ಮನೆಯಲ್ಲಿ ಆಕ್ಸಿಜನ್ ಮೇಲೆ ಇರುವವರಿದ್ದಾರೆ ಅಂತ ಹೇಳಿ, ನಂಬರ್ ಇಟ್ಟುಕೊಂಡಿರಿ. ನಿಮ್ಮ ಕಡೆ ಧೂಳು ಜಾಸ್ತಿ, ಮಷೀನ್‌ನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಮಷೀನ್ ಓಡುವ ಕೋಣೆಯಲ್ಲಿ ಬೀಡಿ, ದೀಪ, ಊದುಬತ್ತಿ, ಲೋಬಾನ, ಒಲೆ ಯಾವುದೂ ಬೇಡ. ಹೊಗೆಯಿಂದ ದಮ್ಮು ಬರುತ್ತದೆ ಅನ್ನುವುದು ಒಂದು, ಆಕ್ಸಿಜನ್ ಇದ್ದ ಕಡೆ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ ಅನ್ನುವುದು ಇನ್ನೂ ದೊಡ್ಡದು. ಮೂಗು ಒಣಗುತ್ತದೆ ಅಂತ ವ್ಯಾಸಲೀನ್ ಹಚ್ಚಬೇಡಿ, ನೀರಿನಂಶದ ಜೆಲ್ ಕೇಳಿ. ಮಾವನವರು ಈಗಲೂ ಕದ್ದು ಬೀಡಿ ಸೇದುತ್ತಿದ್ದರೆ ಬೈಯುವುದರಿಂದ ಆಗುವುದಿಲ್ಲ, 1800-112-356ಕ್ಕೆ ಫೋನ್ ಮಾಡಿ, ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ ಅದು.

ಮಾರ್ಫಿನ್ ಬಗ್ಗೆ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾರೆ, ಮಾರ್ಫಿನ್ ಅಂದರೆ ಎಲ್ಲಾ ಮುಗಿಯಿತು. ಈ ಮೂರು ಭಯ ಹೆಚ್ಚು ಕಡಿಮೆ ಪ್ರತಿ ಮನೆಯಲ್ಲೂ ಇರುತ್ತವೆ. ನಿಜ ಹೇಳುವುದಾದರೆ, ಓಡಾಡಿಕೊಂಡಿರುವ ಸಿಒಪಿಡಿ ರೋಗಿಗಳಿಗೆ ಸಣ್ಣ ಡೋಸ್ ದಿನಾ ಕೊಟ್ಟರೆ ದಮ್ಮು ಕಡಿಮೆಯಾಗುತ್ತದೆ ಅಂತ ನಾವು ವೈದ್ಯರು ಹಿಂದೆ ಅಂದುಕೊಂಡಷ್ಟು ಲಾಭ ಕಂಡಿಲ್ಲ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲೂ ಔಷಧಿಯೇ ಇಲ್ಲದ ಸಪ್ಪೆ ಮಾತ್ರೆಗಿಂತ ಮಾರ್ಫಿನ್ ಮುಂದೆ ಹೋಗಲಿಲ್ಲ. ಹಾಗಾಗಿ ಅದು ಮೊದಲ ಔಷಧಿ ಅಲ್ಲ. ಕೂತಲ್ಲೇ ದಮ್ಮು, ಬೇರೆ ಯಾವುದಕ್ಕೂ ಬಗ್ಗುವುದಿಲ್ಲ, ಮಲಗಲೂ ಆಗುವುದಿಲ್ಲ ಅನ್ನುವ ಸ್ಥಿತಿಯಲ್ಲಿ, ಮುಖ್ಯವಾಗಿ ಕೊನೆಯ ವಾರಗಳಲ್ಲಿ, ಅನುಭವ ಇರುವ ವೈದ್ಯರು ಬಹಳ ಸಣ್ಣ ಡೋಸ್‌ನಿಂದ ಶುರು ಮಾಡಿ ನೋಡಿಕೊಂಡು ಕೊಡುತ್ತಾರೆ. ಹಾಗೆ ಕೊಟ್ಟಾಗ ಅದು ಜೀವ ತೆಗೆಯುವುದಿಲ್ಲ, ಚಟದ ಮಾತೂ ಇಲ್ಲಿ ಬರುವುದಿಲ್ಲ. ಮಲಬದ್ಧತೆ ಮಾತ್ರ ಆಗೇ ಆಗುತ್ತದೆ, ಮೊದಲ ದಿನದಿಂದಲೇ ಅದಕ್ಕೆ ಔಷಧಿ ಬರೆಸಿಕೊಳ್ಳಿ. 2014ರಲ್ಲಿ ಕಾನೂನು ತಿದ್ದುಪಡಿ ಆದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಂಡು ಕೊಡುವುದು ಸುಲಭವಾಗಿದೆ. ನಿಜವಾದ ಅಪಾಯ ಬೇರೆ ಇದೆ. ನಿದ್ದೆ ಬರುತ್ತಿಲ್ಲ ಅಂತ ಮೆಡಿಕಲ್ ಶಾಪ್‌ನಿಂದ ನಿದ್ದೆ ಮಾತ್ರೆ ತಂದು ಕೊಡುವುದು. ಅದನ್ನು ಡಾಕ್ಟರನ್ನು ಕೇಳದೆ ಎಂದೂ ಮಾಡಬೇಡಿ.

ಹೈದರಾಬಾದಿಗೆ ಒಯ್ಯಬೇಕಾ? ಇದಕ್ಕೆ ನಾನು ಇಲ್ಲಿಂದ ಹೌದು, ಇಲ್ಲ ಅನ್ನುವುದು ತಪ್ಪು. ಆದರೆ ಹೇಗೆ ಯೋಚಿಸಬೇಕು ಅಂತ ಹೇಳಬಲ್ಲೆ. ಕಫದ ಬಣ್ಣ ಹಳದಿ, ಹಸಿರಾಗಿ ಜಾಸ್ತಿಯಾಗಿ ದಮ್ಮು ಏರಿದರೆ ಅದು ಸೋಂಕು, ಐದು ದಿನದ ಔಷಧಿಯಲ್ಲಿ ಇಳಿಯುವ ಸಾಧ್ಯತೆ ಚೆನ್ನಾಗಿದೆ. ಅಂಥದ್ದಕ್ಕೆ ಮೊದಲೇ ಮನೆಯಲ್ಲಿ ಔಷಧಿ ಇಟ್ಟುಕೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಂದೇ ಸಲಕ್ಕೆ ಎದೆಯ ಒಂದು ಪಕ್ಕ ನೋವು ಬಂದು ಉಸಿರು ಕಟ್ಟಿದರೆ ಶ್ವಾಸಕೋಶ ಒಡೆದು ಗಾಳಿ ಸೇರಿರಬಹುದು, ಹತ್ತಿರದ ಆಸ್ಪತ್ರೆಗೆ ಹೋಗಲೇಬೇಕು, 108ಕ್ಕೆ ಫೋನ್ ಮಾಡಿ. ಸರಿಪಡಿಸಬಹುದಾದ ಕಾರಣ ಇದ್ದಾಗ ಆಸ್ಪತ್ರೆ ಒಳ್ಳೆಯದೇ. ಮಾಸ್ಕ್ ಮೂಲಕ ಗಾಳಿ ಒತ್ತುವ ಬೈಪ್ಯಾಪ್ ಮಷೀನ್ ಸಿಒಪಿಡಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ನಳಿಗೆ ಹಾಕಬೇಕಿಲ್ಲ, ಕಲಬುರಗಿಯಲ್ಲೇ ಸಿಗುತ್ತದೆ. 220 ಕಿಲೋಮೀಟರ್ ಆಂಬುಲೆನ್ಸ್‌ನಲ್ಲಿ ಹೋಗುವ ಮೊದಲು "ಅಲ್ಲಿ ಇಲ್ಲಿಗಿಂತ ಬೇರೆ ಏನು ಮಾಡುತ್ತಾರೆ" ಅಂತ ಕೇಳಿ. ಉತ್ತರ ಬರೀ ವೆಂಟಿಲೇಟರ್ ಅಂತಾದರೆ, ಮಾವನವರು ಒಮ್ಮೆ ಅದನ್ನು ಅನುಭವಿಸಿ ಬಂದಿದ್ದಾರೆ ಅಲ್ವಾ, ಅವರನ್ನೇ ಕೇಳಬೇಕು.

ಹೌದು, ಅವರನ್ನೇ. ನಮ್ಮ ಮನೆಗಳಲ್ಲಿ ರೋಗಿಯನ್ನು ಬಿಟ್ಟು ಉಳಿದ ಎಲ್ಲರೂ ನಿರ್ಧಾರ ಮಾಡುತ್ತಾರೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ಅವರು ಆರಾಮಾಗಿ ಚಹಾ ಕುಡಿಯುತ್ತಾ ಕೂತ ಒಂದು ಹೊತ್ತಿನಲ್ಲಿ ಮಗ ಪಕ್ಕದಲ್ಲಿ ಕೂತು ಕೇಳಲಿ: "ಅಪ್ಪಾ, ಹೋದ ಸಲ ದವಾಖಾನೆಯಲ್ಲಿ ಬಹಳ ತ್ರಾಸಾಯ್ತು. ಮತ್ತೆ ಹಾಗಾದರೆ ಏನು ಮಾಡಬೇಕು ಅಂತೀ?" ಎಷ್ಟೋ ಜನ ಈ ಪ್ರಶ್ನೆಗೇ ಕಾಯುತ್ತಿರುತ್ತಾರೆ. ಕೆಲವರು "ಆಗುವಷ್ಟು ಮಾಡ್ರಿ" ಅನ್ನುತ್ತಾರೆ, ಕೆಲವರು "ಆ ನಳಿಗೆ ಮಾತ್ರ ಬ್ಯಾಡ, ನನ್ನ ಮನೆಯಾಗ ಇರ್ತೀನಿ" ಅನ್ನುತ್ತಾರೆ. ಎರಡೂ ಸರಿ. ಗಾಣಗಾಪುರಕ್ಕೆ ಒಮ್ಮೆ ಹೋಗಬೇಕು, ಬಂದೇನವಾಜ್ ದರ್ಗಾಕ್ಕೆ ಹೋಗಬೇಕು, ಮೊಮ್ಮಗಳ ಮದುವೆ ನೋಡಬೇಕು ಅನ್ನುವುದೂ ಆಗಲೇ ಹೊರಗೆ ಬರುತ್ತದೆ. ಸಣ್ಣ ಸಿಲಿಂಡರ್ ಗಾಡಿಯಲ್ಲಿಟ್ಟುಕೊಂಡು ಹೋಗಿ ಬರುವುದು ಆಗದ ಮಾತೇನಲ್ಲ, ತಂಪು ಹೊತ್ತಿನಲ್ಲಿ ಹೊರಡಿ.

ಅವರ ಮಾತನ್ನು ಬರಹದಲ್ಲಿ ಇಡುವುದಕ್ಕೆ ಕಾನೂನಿನ ದಾರಿಯೂ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟು, 2023ರಲ್ಲಿ ವಿಧಾನ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದರೆ ಸಾಕು. ತಮಗೆ ಮಾತಾಡಲು ಆಗದಿದ್ದಾಗ ಯಾರು ನಿರ್ಧಾರ ಹೇಳಬೇಕು ಅಂತಲೂ ಅದರಲ್ಲಿ ಬರೆಯಬಹುದು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡುವ ಆದೇಶ ಹೊರಡಿಸಿದೆ. ಚಿಕಿತ್ಸೆ ಮುಂದುವರಿಸಿ ಉಪಯೋಗವಿಲ್ಲ ಅನ್ನುವುದನ್ನು ಆಸ್ಪತ್ರೆಯ ವೈದ್ಯರ ಎರಡು ತಂಡಗಳು ನೋಡಿ ಒಪ್ಪಬೇಕು, ಮನೆಯವರೊಬ್ಬರೇ ಹೇಳಿದರೆ ಆಗುವುದಿಲ್ಲ. ಇದು ರೋಗಿಗೂ ರಕ್ಷಣೆ, ಆಮೇಲೆ ತಪ್ಪಿತಸ್ಥ ಭಾವನೆಯಲ್ಲಿ ಬೇಯಬಾರದು ಅಂತ ನಿಮಗೂ ರಕ್ಷಣೆ.

ಊಟದ ಬಗ್ಗೆ ಸ್ವಲ್ಪ. ಜೋಳದ ರೊಟ್ಟಿ ಜಗಿಯುವುದಕ್ಕೇ ಅವರಿಗೆ ದಮ್ಮು ಹತ್ತುತ್ತದೆ, ಹಾಗಾಗಿ ಊಟ ಬಿಡುತ್ತಾರೆ, ಮನೆಯವರು ಹಸಿವಿಲ್ಲ ಅಂದುಕೊಳ್ಳುತ್ತಾರೆ. ರೊಟ್ಟಿ ಬೇಕೇ ಬೇಕು ಅಂದರೆ ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಮೆತ್ತಗೆ ಮಾಡಿ, ಇಲ್ಲವೇ ನುಚ್ಚು, ಅಂಬಲಿ. ಒಂದೇ ಸಲ ಹೊಟ್ಟೆ ತುಂಬಿಸಬೇಡಿ, ಸ್ವಲ್ಪ ಸ್ವಲ್ಪ ಐದಾರು ಸಲ. ಹೊಟ್ಟೆ ಉಬ್ಬಿದರೆ ಎದೆಗೆ ಜಾಗ ಕಡಿಮೆ. ಊಟದ ಹೊತ್ತಿಗೂ ಮೂಗಿನ ಆಕ್ಸಿಜನ್ ನಳಿಗೆ ಇರಲಿ. ಸ್ನಾನಕ್ಕೆ ಸ್ಟೂಲ್ ಹಾಕಿ ಕೂರಿಸಿ. ರಾಶಿ ಮಾಡುವ ದಿನಗಳಲ್ಲಿ ಅವರನ್ನು ಧೂಳಿನಿಂದ ದೂರದ ಕೋಣೆಗೆ ಹಾಕಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ.

ಈಗ ನಿಮ್ಮ ಮಾತು.

ಸಾಕಾಗಿದೆ ಅಂತ ಹೇಳಲು ನಾಚಿಕೆ ಅಂದಿರಿ. ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ರೊಟ್ಟಿ ಬಡಿದು, ಹೊಲದ ಕೆಲಸ, ಮಕ್ಕಳ ಶಾಲೆ ನೋಡಿ, ಮತ್ತೆ ರಾತ್ರಿ ಎದ್ದರೆ ಸಾಕಾಗದೆ ಏನಾಗುತ್ತದೆ? ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. "ಬೇಗ ಮುಗಿದು ಹೋಗಲಿ" ಅಂತ ಒಂದು ಯೋಚನೆ ಬಂದು ಹೋಗಿದ್ದರೂ ನೀವು ಕೆಟ್ಟವರಲ್ಲ, ಆರೈಕೆ ಮಾಡುವ ಬಹಳ ಜನರಿಗೆ ಅದು ಬರುತ್ತದೆ, ಬಾಯಿ ಬಿಟ್ಟು ಹೇಳುವವರು ಕಡಿಮೆ. ಹಾಸ್ಪೈಸ್ ಆರೈಕೆಯನ್ನು ಬೆಳೆಸಿದವರು ಮೊದಲಿನಿಂದಲೂ ರೋಗಿ ಮತ್ತು ಮನೆಯವರನ್ನು ಒಟ್ಟಿಗೇ ನೋಡಿದ್ದಾರೆ. ನರ್ಸ್ ಮನೆಗೆ ಬಂದಾಗ ಮಾವನ ಬಿಪಿ ನೋಡಿದ ಮೇಲೆ ನಿಮ್ಮದೂ ನೋಡಲಿ, ಕೇಳಿ ನೋಡಿಸಿಕೊಳ್ಳಿ.

ವಾರದಲ್ಲಿ ಎರಡು ರಾತ್ರಿಯಾದರೂ ನೀವು ಬೇರೆ ಕೋಣೆಯಲ್ಲಿ ಪೂರ್ತಿ ನಿದ್ದೆ ಮಾಡಬೇಕು. ಯಜಮಾನರಿಗೆ ರಜೆ ಇರುವ ರಾತ್ರಿ ಅವರದ್ದು. ಸೊಸೆಯೇ ಮಾಡಬೇಕು ಅಂತ ಎಲ್ಲಿಯೂ ಬರೆದಿಲ್ಲ, ಅಪ್ಪನ ಬೆನ್ನು ತಿಕ್ಕುವುದು ಮಗನಿಗೂ ಬರುತ್ತದೆ. ಅತ್ತೆಗೆ ಮೊಣಕಾಲು ನೋವಿದ್ದರೂ ಫ್ಯಾನ್ ಹಿಡಿದು ಪಕ್ಕದಲ್ಲಿ ಕೂರಬಹುದು, ಔಷಧಿಯ ಹೊತ್ತು ನೆನಪಿಡಬಹುದು, ಅವರಿಗೂ ಗಂಡನಿಗೆ ಏನೋ ಮಾಡಿದೆ ಅನ್ನುವ ಸಮಾಧಾನ ಬೇಕು. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ದುಡಿಯುವ ಭಾವ, ಮೈದುನ, ನಾದಿನಿ ಇದ್ದರೆ ಅವರಿಂದ ಫೋನಿನಲ್ಲಿ ಸಲಹೆ ಬೇಡ. ನಿರ್ದಿಷ್ಟವಾಗಿ ಕೇಳಿ. ಒಬ್ಬರು ಕರೆಂಟ್ ಬಿಲ್ ಕಟ್ಟಲಿ, ಒಬ್ಬರು ಸಿಲಿಂಡರ್ ತುಂಬಿಸುವ ದುಡ್ಡು ಕಳಿಸಲಿ, ನಾದಿನಿ ತಿಂಗಳಿಗೆ ಒಂದು ವಾರ ಬಂದು ಇರಲಿ. "ಏನಾದರೂ ಬೇಕಾದರೆ ಹೇಳಿ" ಅನ್ನುವವರಿಗೆ ಅಲ್ಲೇ ಒಂದು ಕೆಲಸ ಹೇಳಿಬಿಡಿ.

ಮಾತಾಡಿಸಲು ಬರುವ ನೆಂಟರ ಬಗ್ಗೆ ಗಟ್ಟಿಯಾಗಿರಿ. ಇಬ್ಬರಿಗಿಂತ ಜಾಸ್ತಿ ಒಳಗೆ ಬೇಡ, ಹತ್ತು ನಿಮಿಷ ಸಾಕು. ರೋಗಿಯ ಎದುರಿಗೇ "ಹೀಗೇ ನಮ್ಮ ಕಾಕಾನೂ ಹೋದ್ರು" ಅನ್ನುವವರನ್ನು ಹೊರಗಿನ ಕಟ್ಟೆಯಿಂದಲೇ ಕಳಿಸಿ. ನಿಮಗೆ ಅಳು ನಿಲ್ಲದಿದ್ದರೆ, ನಿದ್ದೆ ಸಿಕ್ಕರೂ ಬರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಯ ದಿನಗಳು ಮನೆಯಲ್ಲೇ ಆಗಲಿ ಅಂತ ನಿರ್ಧಾರವಾದರೆ ಮೊದಲೇ ತಿಳಿದಿರಬೇಕಾದ ಕೆಲವು ವಿಷಯಗಳಿವೆ. ಊಟ ನಿಲ್ಲುತ್ತದೆ, ನಿದ್ದೆ ಜಾಸ್ತಿಯಾಗುತ್ತದೆ. ಉಪವಾಸದಿಂದ ಸಾಯುತ್ತಿದ್ದಾರೆ ಅಂತ ಬಾಯಿಗೆ ತುರುಕಬೇಡಿ, ದೇಹ ಕೆಲಸ ನಿಲ್ಲಿಸುತ್ತಿರುವಾಗ ಹಸಿವು ಇರುವುದಿಲ್ಲ. ತೀರ್ಥವೋ ಜಮ್‌ಜಮ್ ನೀರೋ ಕೊಡಬೇಕು ಅಂದರೆ ಚಮಚದಿಂದ ಸುರಿಯದೆ ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಿ. ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು, ಕೇಳುವವರಿಗೆ ಅದು ಬಹಳ ಸಂಕಟ, ಅವರಿಗೆ ಅಷ್ಟು ಕಷ್ಟ ಇರುವುದಿಲ್ಲ. ಪಕ್ಕಕ್ಕೆ ಹೊರಳಿಸಿದರೆ ಕಡಿಮೆಯಾಗುತ್ತದೆ, ಔಷಧಿಯೂ ಇದೆ. ಉಸಿರು ನಿಂತು ನಿಂತು ಬರುತ್ತದೆ. ಆ ಹೊತ್ತಿನಲ್ಲಿ ಆಕ್ಸಿಮೀಟರ್ ತೆಗೆದಿಡಿ, ಅಂಕಿ ನೋಡುವುದರಿಂದ ಯಾರಿಗೂ ಉಪಯೋಗವಿಲ್ಲ. ಹಳೆಯ ಡಿಸ್ಚಾರ್ಜ್ ಪತ್ರ, ಆಧಾರ್ ಒಂದೇ ಚೀಲದಲ್ಲಿರಲಿ. ಮನೆಯಲ್ಲಿ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಆಗಬೇಕು, ಕಾಯಿಲೆ ಗೊತ್ತಿರುವ ವೈದ್ಯರಿದ್ದರೆ ಕಾಗದದ ಕೆಲಸಕ್ಕೆ ಅಲೆದಾಟ ತಪ್ಪುತ್ತದೆ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನೂ ಅದರಲ್ಲೇ ಬರೆಸಿಕೊಳ್ಳಿ. ಆಕ್ಸಿಜನ್ ಎಷ್ಟು ಲೀಟರ್, ಅಂಕಿ ಎಷ್ಟರ ನಡುವೆ ಇರಬೇಕು? ಇವರಿಗೆ ಕಾರ್ಬನ್ ಡೈಆಕ್ಸೈಡ್ ಸೇರುವ ತೊಂದರೆ ಇದೆಯಾ? ಕಫ ಹಸಿರಾದರೆ ಯಾವ ಮಾತ್ರೆ ಶುರು ಮಾಡಲಿ? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಲಿ? ಮುಂದಿನ ಸಲ ಬೈಪ್ಯಾಪ್‌ವರೆಗೆ ಹೋಗುವುದಾ, ನಳಿಗೆಯವರೆಗಾ? ಮನೆಯಲ್ಲೇ ನೋಡಿಕೊಳ್ಳಿ ಅಂದಿರಿ, ಮನೆಗೆ ಬರುವ ನರ್ಸ್ ಯಾರು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೂ ಅಲ್ಲಿಂದ ಏಳಬೇಡಿ.